ಅಪ್ಪನ ನೆನಪಿಗೆ ಒಂದು ಊರು, ಒಂದು ಗುಡಿ

ಚಾಮರಾಜನಗರದ ಹೆಸರಿನಲ್ಲಿರುವ ಚಾಮರಾಜ ಯಾರು ಎಂದು ಕೇಳಿದರೆ, ಜಿಲ್ಲೆಯವರಲ್ಲೇ ಹಲವರು ಮೈಸೂರಿನ ಅರಮನೆಯ ಹತ್ತಿರದ ವೃತ್ತದಲ್ಲಿ ನಿಂತಿರುವ ಪ್ರತಿಮೆಯನ್ನು ನೆನೆಯುತ್ತಾರೆ. ಅವರು ಹತ್ತನೆಯ ಚಾಮರಾಜೇಂದ್ರ ಒಡೆಯರು. ಈ ಊರಿನ ಚಾಮರಾಜರು ಅವರಿಗಿಂತ ಬಹಳ ಹಿಂದಿನವರು. ಹೆಸರಿಗಷ್ಟೇ ದೊರೆಯಾಗಿದ್ದು, ಇಪ್ಪತ್ತೆರಡರ ಹರೆಯದಲ್ಲಿ ಸಿಡುಬಿಗೆ ಬಲಿಯಾದ ಖಾಸಾ ಚಾಮರಾಜ ಒಡೆಯರು.

ಅವರು ಹುಟ್ಟಿದ 1774ರಲ್ಲಿ ಊರಿನ ಹೆಸರು ಅರಿಕುಠಾರ. ಆಗಲೇ ಅದು ಹಳೆಯ ಊರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ಇಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ್ದು 1117ರಲ್ಲಿ. ಮಗುವಿನ ತಂದೆ ಅರಿಕುಠಾರದ ದೇವರಾಜ ಅರಸು. ಸಿಂಹಾಸನದ ಮಾತು ಆ ಮನೆಯಲ್ಲಿ ಯಾರ ಕನಸಿನಲ್ಲೂ ಇದ್ದಿರಲಾರದು. 1776ರಲ್ಲಿ ಬೆಟ್ಟದ ಚಾಮರಾಜ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡಾಗ ಹೈದರ್ ಅಲಿ ಅರಸು ಮನೆತನಗಳ ಮಕ್ಕಳನ್ನೆಲ್ಲ ಕರೆಸಿದ. ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದಿಟ್ಟಂತೆ, ಹಜಾರದ ತುಂಬ ಹಣ್ಣು, ಮಿಠಾಯಿ, ಹೂವು, ಆಟದ ಸಾಮಾನು ಹರಡಿಸಿ ಮಕ್ಕಳನ್ನು ಬಿಟ್ಟರು. ಉಳಿದ ಮಕ್ಕಳು ತಿನಿಸಿಗೂ ಬಣ್ಣದ ಆಟಿಕೆಗೂ ಮುಗಿಬಿದ್ದರೆ, ಒಂದು ಮಗು ಮಾತ್ರ ಬಲಗೈಯಲ್ಲಿ ಕಠಾರಿ, ಎಡಗೈಯಲ್ಲಿ ನಿಂಬೆಹಣ್ಣು ಹಿಡಿದು ನಿಂತಿತು. ಇವನೇ ರಾಜ ಎಂದುಬಿಟ್ಟ ಹೈದರ್. ಎರಡು ವರ್ಷದ ಕೂಸು ಅಂದಿನಿಂದ ಮೈಸೂರಿನ ಒಡೆಯ. ದಸರೆಯಲ್ಲಿ ಜನರೆದುರು ಕೂರುವುದಷ್ಟೇ ಅದರ ಪಾಲಿನ ರಾಜ್ಯಭಾರ.

1796ರಲ್ಲಿ ಚಾಮರಾಜರು ತೀರಿಕೊಂಡಾಗ ಮಗನಿಗೆ ಎರಡು ವರ್ಷ. ಟಿಪ್ಪು ಸುಲ್ತಾನ್ ಆ ಗಾದಿಗೆ ಮತ್ತೊಬ್ಬರನ್ನು ಕೂರಿಸಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ, 1799ರ ಜೂನ್ 30ರಂದು, ಮೈಸೂರಿನಲ್ಲಿ ಅರಮನೆಯೇ ಇಲ್ಲದ ಕಾರಣ ಚಪ್ಪರದಡಿ ಪಟ್ಟ ಕಟ್ಟಿಸಿಕೊಂಡ ಐದು ವರ್ಷದ ಬಾಲಕನೇ ಮುಮ್ಮಡಿ ಕೃಷ್ಣರಾಜ ಒಡೆಯರು. ಅಪ್ಪನ ಮುಖ ಅವರಿಗೆ ನೆನಪಿದ್ದಿರಲು ಸಾಧ್ಯವೇ ಇಲ್ಲ. ಅಂಥ ಮಗ 1818ರಲ್ಲಿ ಅಪ್ಪ ಹುಟ್ಟಿದ ಊರಿಗೆ ಅಪ್ಪನ ಹೆಸರಿಟ್ಟರು. 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಸ್ಥಾನ ಎದ್ದು ನಿಂತಿತು. ಅಪ್ಪ ಹುಟ್ಟಿದ ಜಾಗವನ್ನು ಗುರುತಿಸುವ ಜನನ ಮಂಟಪವೂ ಊರಿನಲ್ಲಿದೆ. ಗುಡಿಯ ಲಿಂಗ ಚಾಮರಾಜೇಶ್ವರ, ದೇವಿ ಕೆಂಪನಂಜಾಂಬ. ಮುಮ್ಮಡಿಯವರ ತಾಯಿಯ ಹೆಸರು ಕೆಂಪನಂಜಮ್ಮಣ್ಣಿ. ಬದುಕಿದ್ದಾಗ ಶ್ರೀರಂಗಪಟ್ಟಣದ ಕೋಟೆಯ ನೆರಳಿನಲ್ಲೇ ದಿನ ನೂಕಿದ ಅರಸು ದಂಪತಿಯ ಹೆಸರನ್ನು ಮಗ ಗರ್ಭಗುಡಿಗೆ ಸೇರಿಸಿದರು. ಚಾಮರಾಜನಗರದಲ್ಲಿ ನನ್ನನ್ನು ಬಹಳವಾಗಿ ತಟ್ಟುವ ಸಂಗತಿ ಇದು. ಗೋಪುರದ ಕೆತ್ತನೆಯ ಮಾತೆಲ್ಲ ಆಮೇಲಿನದು.

ಮನೆತನದ ನೆನಪನ್ನು ಕಣ್ಣಿಗೆ ಕಾಣುವಂತೆ ಮಾಡಿಡುವ ಈ ಹಂಬಲ ಅದೇ ದಶಕದಲ್ಲಿ ದೂರದ ಸ್ಕಾಟ್ಲೆಂಡಿನಲ್ಲೂ ಇತ್ತು. ಅಲ್ಲಿನ ಬೆಟ್ಟನಾಡಿನ ಕುಲಗಳ ಚೌಕಳಿ ಬಟ್ಟೆ ಟಾರ್ಟನ್. ಅಲ್ಲಿ ನಡೆದ ಒಂದು ದಂಗೆಯ ನಂತರ, 1746ರ ಕಾನೂನು ಬೆಟ್ಟನಾಡಿನ ಈ ಉಡುಪನ್ನು ನಿಷೇಧಿಸಿತು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. ನಿಷೇಧ ತೆರವಾಗಿದ್ದು 1782ರಲ್ಲಿ. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಕುಲದ ಮುಖ್ಯಸ್ಥರಿಗೆಲ್ಲ ನಿಮ್ಮ ನಿಮ್ಮ ಚೌಕಳಿಯ ಮಾದರಿ ಕಳಿಸಿ ಎಂದು ಕೇಳಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ನಡೆಸಿದ ಸಮಾರಂಭದ ನಂತರ, ಒಂದೊಂದು ಕುಲಕ್ಕೆ ಒಂದೊಂದು ಟಾರ್ಟನ್ ಎಂಬುದು ಗಟ್ಟಿಯಾಯಿತು. ಅಂದರೆ ಪುರಾತನವೆಂದು ನಾವು ತಿಳಿದಿರುವ ಆ ಪದ್ಧತಿಯ ಈಗಿನ ರೂಪಕ್ಕೂ ಚಾಮರಾಜೇಶ್ವರ ಗುಡಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಎರಡೂ ಕಡೆ ಎಲ್ಲವನ್ನೂ ಕಳೆದುಕೊಂಡು ಎದ್ದ ಮನೆತನಗಳು ತಮ್ಮ ಹಿಂದಿನವರನ್ನು ಹುಡುಕಿಕೊಂಡವು. ಅಲ್ಲಿ ಆ ಕೆಲಸಕ್ಕೆ ಒದಗಿದ್ದು ಉಣ್ಣೆ, ಇಲ್ಲಿ ಕಲ್ಲು.

ಎರಡು ನಾಡುಗಳ ದಾರಿ ಕೂಡಿದ್ದೂ ಉಂಟು. ಮೆಕೆಂಜಿ ಕುಲದವನಾದ ಲಾರ್ಡ್ ಮ್ಯಾಕ್ಲಿಯಡ್ ಕಟ್ಟಿದ ರೆಜಿಮೆಂಟಿನವರು ಆ ಕುಲದ ಟಾರ್ಟನ್ ಉಡುತ್ತಿದ್ದರು. ಕಡು ಹಸಿರು ಮತ್ತು ನೀಲಿಯ ಚೌಕಳಿ, ಅದರ ಮೇಲೆ ಬಿಳಿ, ಕೆಂಪು ಎಳೆ. 1780ರ ಪೊಳ್ಳಿಲೂರು ಕದನದಲ್ಲಿ ಅವರಲ್ಲಿ ಹಲವರು ಹೈದರನ ಸೇನೆಗೆ ಸೆರೆಸಿಕ್ಕಿದರು. ಡೇವಿಡ್ ಬೇರ್ಡ್ ಎಂಬ ಅಧಿಕಾರಿ ಸೇರಿದಂತೆ ಕೆಲವರು ಶ್ರೀರಂಗಪಟ್ಟಣದ ಸೆರೆಯಲ್ಲಿ 1784ರವರೆಗೆ ಕೊಳೆತರು. ಅದೇ ಕೋಟೆಯೊಳಗೆ, ಅದೇ ವರ್ಷಗಳಲ್ಲಿ, ಅರಿಕುಠಾರದ ಹುಡುಗನೂ ದೊರೆಯೆಂಬ ಹೆಸರು ಹೊತ್ತು ಬೆಳೆಯುತ್ತಿದ್ದ.

ಮೆಕೆಂಜಿ ಎಂಬ ಹೆಸರು ಈ ಸೀಮೆಗೆ ಇನ್ನೊಮ್ಮೆ ಬಂತು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿ ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಸರ್ವೆಗೆ ನಿಂತರು. ನೆಲ ಅಳೆಯುತ್ತಲೇ ಊರೂರಿನ ಶಾಸನ, ಕೈಫಿಯತ್ತು, ವಂಶಾವಳಿಗಳನ್ನು ಕೂಡಿಹಾಕಿದರು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯಲ್ಲಿ 1804ರಲ್ಲಿ ಅವರಿಗೆ ಜೈನ ಪಂಡಿತ ದೇವಚಂದ್ರನ ಭೇಟಿಯಾಯಿತು. ಆ ದೇವಚಂದ್ರನೇ ಮುಂದೆ ‘ರಾಜಾವಳಿ ಕಥೆ’ ಬರೆದವನು. ಬರೆಸಿದವರು ಮೈಸೂರು ಅರಮನೆಯ ದೇವೀರಮ್ಮಣ್ಣಿ. ಕುಲದ ಹೆಸರು ಹೊತ್ತ ಸ್ಕಾಟ್ ಸರ್ವೇಯರ್, ಬಸದಿಯ ಪಂಡಿತ, ಅರಮನೆಯ ಹೆಣ್ಣುಮಗಳು, ಮೂವರಿಗೂ ಬೇಕಾಗಿದ್ದದ್ದು ಯಾರು ಯಾರ ಮಗ, ಯಾವ ಮನೆಯವರು ಎಂಬುದರ ದಾಖಲೆ.

ಮಗ ಅಪ್ಪನ ನೆನಪಿಗೆ ಗುಡಿ ಕಟ್ಟಿಸಿದ್ದು ಇದೇ ಜಿಲ್ಲೆಯ ಗುಂಡ್ಲುಪೇಟೆಯಲ್ಲೂ ಉಂಟು. ಆ ಕಥೆ ಚಾಮರಾಜನಗರದ ಕಥೆಗಿಂತ ಒಂದೂವರೆ ಶತಮಾನ ಹಳೆಯದು. ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟಕ್ಕೆ ಬರುವ ಮೊದಲು ಗುಂಡ್ಲುಪೇಟೆಗೆ ಸಮೀಪದ ಹಂಗಳದಲ್ಲಿ ಕಾವಲಿನಲ್ಲಿದ್ದವರು. ಆ ದಿನಗಳಲ್ಲಿ ಜೊತೆಗಿದ್ದ ಯಳಂದೂರಿನ ವಿಶಾಲಾಕ್ಷ ಪಂಡಿತನನ್ನೇ ಮುಂದೆ ಮಂತ್ರಿ ಮಾಡಿಕೊಂಡರು. ಮಡದಿ ದೇವಾಜಮ್ಮಣ್ಣಿಯೂ ಯಳಂದೂರಿನವರೇ. ಸಂಚಿ ಹೊನ್ನಮ್ಮ ಅವರ ಊಳಿಗದಲ್ಲಿದ್ದುಕೊಂಡೇ ಕವಿಯಾದವಳು. ಚಿಕ್ಕದೇವರಾಜರ ತಂದೆ ದೊಡ್ಡದೇವರಾಜರು ಪಟ್ಟವೇರಲಿಲ್ಲ. ಆಳಿದ್ದು ಅವರ ತಮ್ಮ. ತಂದೆಯ ಉತ್ತರಕ್ರಿಯೆ ನಡೆದ ಗುಂಡ್ಲುಪೇಟೆಯಲ್ಲಿ, ಕೌಂಡಿನಿ ಹೊಳೆಯ ದಂಡೆಯ ಮೇಲೆ, ಚಿಕ್ಕದೇವರಾಜರು ಪರವಾಸುದೇವ ದೇವಸ್ಥಾನ ಕಟ್ಟಿಸಿ ಅಗ್ರಹಾರ ಬಿಡಿಸಿದರು.

ಎರಡೂ ಊರುಗಳ ಕಥೆಯನ್ನು ಪಕ್ಕಪಕ್ಕ ಇಟ್ಟಾಗ ಒಂದು ವಿಷಯ ಎದ್ದು ಕಾಣುತ್ತದೆ. ಸ್ಮಾರಕ ಸಂದದ್ದು ಗೆದ್ದ ದೊರೆಗಳಿಗಲ್ಲ. ಒಬ್ಬರು ಪಟ್ಟವನ್ನೇ ಏರದವರು, ಇನ್ನೊಬ್ಬರು ಪಟ್ಟವೇರಿಯೂ ಆಳದವರು. ಅಪ್ಪಂದಿರಿಗೆ ದಕ್ಕದೇ ಹೋದ ಗೌರವವನ್ನು ಮಕ್ಕಳು ಸಲ್ಲಿಸಿದರು. ಗಂಡಭೇರುಂಡದ ಲಾಂಛನ ಹೊತ್ತ ಮನೆತನದ ಚರಿತ್ರೆಯನ್ನು ದಸರಾ, ಅಂಬಾರಿಗಳ ಮೂಲಕವೇ ನೋಡುವ ನಮಗೆ ಈ ಮಗ್ಗುಲು ಅಷ್ಟಾಗಿ ಪರಿಚಯವಿಲ್ಲ. ಮುಮ್ಮಡಿಯವರಂತೂ ತಮ್ಮ ವಂಶವನ್ನು ತಾವರೆಯ ಆಕಾರದಲ್ಲಿ ‘ಸಂತಾನಾಂಬುಜ’ವೆಂದು ಚಿತ್ರ ಬರೆಸಿದವರು. ಅದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ.

ಚಾಮರಾಜೇಶ್ವರನ ಗುಡಿಯನ್ನು ನೋಡಬೇಕಾದ ಹೊತ್ತು ಆಷಾಢ. ಸುತ್ತಲಿನ ಬೇರೆ ಊರುಗಳಲ್ಲಿ ಸಾಮಾನ್ಯವಾಗಿ ತೇರು ಹೊರಡದ ತಿಂಗಳಲ್ಲಿ ಇಲ್ಲಿ ರಥೋತ್ಸವ. ಆಷಾಢವೆಂದು ಹೊಸ ಮದುಮಗಳು ತವರಿಗೆ ಹೋಗಿರುತ್ತಾಳೆ, ಗಂಡ ತನ್ನೂರಿನಲ್ಲಿ ಉಳಿದಿರುತ್ತಾನೆ. ಹುಣ್ಣಿಮೆಯ ಹೊತ್ತಿನ ಈ ತೇರಿನ ದಿನ ಇಬ್ಬರೂ ಬಂದು ಸೇರುತ್ತಾರೆ. ಬಾಳೆಹಣ್ಣಿಗೆ ಜವನದ ಎಸಳು ಸಿಕ್ಕಿಸಿ, ಜೊತೆಯಾಗಿ ನಿಂತು, ಕಳಸದತ್ತ ಗುರಿಯಿಟ್ಟು ಎಸೆಯುತ್ತಾರೆ. ರಥದ ಬೀದಿಯೆಲ್ಲ ಹಣ್ಣಿನ ಸಿಪ್ಪೆ, ಜವನದ ಘಮ. 2017ರ ಫೆಬ್ರವರಿಯಲ್ಲಿ ಕಿಡಿಗೇಡಿ ಕೃತ್ಯದಿಂದ ಹಳೆಯ ರಥಕ್ಕೆ ಬೆಂಕಿ ಬಿದ್ದು ಉತ್ಸವ ನಿಂತೇ ಹೋಗಿತ್ತು. ಆ ವರ್ಷಗಳಲ್ಲಿ ಮದುವೆಯಾದ ಜೋಡಿಗಳಿಗೆ ಈ ಸಂಭ್ರಮ ತಪ್ಪಿತು. ಹೊಸ ರಥ ಸಿದ್ಧವಾಗಿ 2022ರ ಜುಲೈನಲ್ಲಿ ಮತ್ತೆ ತೇರು ಎಳೆದಾಗ ಊರಿಗೆ ಊರೇ ಬೀದಿಯಲ್ಲಿತ್ತು.

ಪರವಾಸುದೇವನಿಗೆ ಇಂಥ ಭಾಗ್ಯವಿಲ್ಲ. ಆ ಗುಡಿ ಬಹುಕಾಲ ಪಾಳುಬಿದ್ದೇ ಇತ್ತು. ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆದು ಒಂದು ಊಟಿಗೂ ಇನ್ನೊಂದು ವಯನಾಡಿಗೂ ಹೋಗುತ್ತದೆ. ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳೆದುರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಅವರಲ್ಲಿ ಕೆಲವರಾದರೂ ಹೊಳೆಯ ಕಡೆ ತಿರುಗಬೇಕೆಂಬುದು ನನ್ನ ಆಸೆ. ಅದಕ್ಕೆ ಬೇಕಿರುವುದು ಹೆದ್ದಾರಿಯ ಪಕ್ಕದಲ್ಲಿ ಕಣ್ಣಿಗೆ ಬೀಳುವಂಥ ಒಂದು ಫಲಕ. ಅದರಲ್ಲಿ ದೊಡ್ಡದೇವರಾಜರ ಹೆಸರೂ, ಕಟ್ಟಿಸಿದ ಮಗನ ಹೆಸರೂ ಇರಲಿ.