ನಿಮ್ಮ ಊರಿನ ಶಾಲೆ ಮತ್ತು ನಿಮ್ಮ ಸಮಿತಿ



ಹೊಲಕ್ಕೆ ಬೀಜ ಬಿತ್ತಿದ ಮೇಲೆ ನೀವು ಮನೆಯಲ್ಲಿ ಸುಮ್ಮನೆ ಕೂರುವುದಿಲ್ಲ. ಮೊಳಕೆ ಬಂತೇ, ಕಳೆ ಎದ್ದಿತೇ, ಬೇಲಿ ಮುರಿಯಿತೇ ಎಂದು ಹೋಗಿ ನೋಡಿಕೊಂಡು ಬರುತ್ತೀರಿ. ಆದರೆ ಮಗುವನ್ನು ಶಾಲೆಗೆ ಸೇರಿಸಿದ ಮೇಲೆ ನಮ್ಮಲ್ಲಿ ಅನೇಕರು ಆ ಕಡೆ ತಲೆ ಹಾಕುವುದಿಲ್ಲ. "ಅದು ಸರ್ಕಾರದ ಶಾಲೆ, ಮೇಷ್ಟ್ರು ನೋಡಿಕೊಳ್ಳುತ್ತಾರೆ" ಎಂದು ಹೇಳಿ ಸುಮ್ಮನಾಗುತ್ತೇವೆ. ಐದನೆಯ ತರಗತಿಗೆ ಬಂದ ಮಗು ಪುಸ್ತಕದ ಒಂದು ಪುಟ ಓದಲು ತಡವರಿಸಿದಾಗ ನಮ್ಮ ಕಣ್ಣು ತೆರೆಯುತ್ತದೆ. ಆ ಹೊತ್ತಿಗೆ ಹದ ಮೀರಿ ಹೋಗಿರುತ್ತದೆ.

ಶಾಲೆಯನ್ನು ನೋಡಿಕೊಳ್ಳುವ ಕೆಲಸದಲ್ಲಿ ತಂದೆತಾಯಿಗಳಿಗೆ ಕಾನೂನಿನಲ್ಲೇ ಒಂದು ಸ್ಥಾನವುಂಟು. ಅದೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಎಸ್.ಡಿ.ಎಂ.ಸಿ. ಎಂದರೆ ಊರಿನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೆಸರು ತಿಳಿದಿದ್ದರೂ ಅದರ ಕೆಲಸವೇನು ಎಂಬುದು ಅನೇಕರಿಗೆ ತಿಳಿದಿಲ್ಲ. ಆದುದರಿಂದ ಈ ಲೇಖನ.

ಸಮಿತಿ ಬಂದ ಬಗೆ

ನಮ್ಮ ರಾಜ್ಯದಲ್ಲಿ ಮೊದಲು ಗ್ರಾಮ ಶಿಕ್ಷಣ ಸಮಿತಿಗಳಿದ್ದವು. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯನ್ನು ಅನುಸರಿಸಿ 2001ರಲ್ಲಿ ಸರ್ಕಾರವು ಅವುಗಳ ಬದಲಿಗೆ ಒಂದೊಂದು ಶಾಲೆಗೂ ಅದರದೇ ಆದ ಸಮಿತಿ ಇರಬೇಕೆಂದು ಆದೇಶ ಮಾಡಿತು. 2006ರ ಮಾದರಿ ಉಪವಿಧಿಗಳು ಈ ಸಮಿತಿಯನ್ನು ಗ್ರಾಮ ಪಂಚಾಯಿತಿಯೊಡನೆ ಜೋಡಿಸಿದವು. ಆಮೇಲೆ 2009ರಲ್ಲಿ ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ ಬಂದು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಆ ಕಾಯ್ದೆಯ 21ನೆಯ ಕಲಮು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಇಂತಹ ಸಮಿತಿ ಇರತಕ್ಕದ್ದೆಂದು ಹೇಳುತ್ತದೆ. ಹೀಗಾಗಿ ಇದು ಯಾರೋ ದಯೆಯಿಂದ ಕೊಟ್ಟ ಕುರ್ಚಿಯಲ್ಲ, ನಿಮಗೆ ಸೇರಿದ ಹಕ್ಕು.

ಸಮಿತಿಯಲ್ಲಿ ಯಾರಿರಬೇಕು?

ಕಾಯ್ದೆಯ ಪ್ರಕಾರ ಸಮಿತಿಯ ನಾಲ್ಕು ಪಾಲಿನಲ್ಲಿ ಮೂರು ಪಾಲು ಸದಸ್ಯರು ಆ ಶಾಲೆಯಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಗಳು ಅಥವಾ ಪೋಷಕರಾಗಿರಬೇಕು. ಉಳಿದ ಪಾಲಿನಲ್ಲಿ ಸ್ಥಳೀಯ ಸಂಸ್ಥೆಯ ಚುನಾಯಿತ ಸದಸ್ಯರು, ಶಿಕ್ಷಕರು ಮೊದಲಾದವರು ಬರುತ್ತಾರೆ. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರಿರಬೇಕು. ಲೆಕ್ಕಕ್ಕೆಂದು ಸಮಿತಿಯಲ್ಲಿ 16 ಜನರಿದ್ದಾರೆಂದು ಇಟ್ಟುಕೊಳ್ಳಿ. ಆಗ 12 ಮಂದಿ ಪೋಷಕರು, 8 ಮಂದಿ ಮಹಿಳೆಯರು ಇರಬೇಕಾಗುತ್ತದೆ. ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕಷ್ಟು ಸ್ಥಾನವಿರಬೇಕು. ಕೇರಿಯ ಮಕ್ಕಳು ಶಾಲೆಯಲ್ಲಿ ಅರ್ಧದಷ್ಟಿದ್ದು, ಸಮಿತಿಯಲ್ಲಿ ಆ ಕೇರಿಯವರು ಒಬ್ಬರೇ ಇದ್ದರೆ ಅದು ಕಾಯ್ದೆಗೆ ಒಪ್ಪುವ ಸಮಿತಿಯಲ್ಲ.

ನಮ್ಮಲ್ಲಿ ಪೋಷಕರಲ್ಲೊಬ್ಬರು ಅಧ್ಯಕ್ಷರಾಗುತ್ತಾರೆ. ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿಯಾಗಿ ಸಭೆ ಕರೆದು ನಡಾವಳಿ ಬರೆಯುತ್ತಾರೆ.

ಆರಿಸುವಾಗ ಎರಡು ಮಾತು ನೆನಪಿಡಿ. ಒಂದು, ಹೆಸರುಗಳನ್ನು ಪೋಷಕರ ಸಭೆಯಲ್ಲಿ ಎಲ್ಲರೆದುರಿಗೆ ತೀರ್ಮಾನಿಸಬೇಕೇ ಹೊರತು ಚಹಾ ಅಂಗಡಿಯಲ್ಲಲ್ಲ. ಪಕ್ಷ, ಪಾರ್ಟಿಗಳ ಜಗಳ ಶಾಲೆಯ ಬಾಗಿಲಿನ ಹೊರಗಿರಲಿ. ಎರಡು, ಹೆಣ್ಣುಮಕ್ಕಳ ಹೆಸರನ್ನು ಪಟ್ಟಿಗೆ ಬರೆದು, ಸಭೆಗೆ ಅವರ ಗಂಡಂದಿರು ಬಂದು ಕೂರುವ ಪದ್ಧತಿ ನಿಲ್ಲಬೇಕು. ಮಗು ಹಸಿದು ಬಂತೇ, ಅತ್ತುಕೊಂಡು ಬಂತೇ, ಹುಡುಗಿ ಏಕೆ ಶಾಲೆಗೆ ಹೋಗಲು ಹಿಂಜರಿಯುತ್ತಾಳೆ ಎಂಬುದು ತಾಯಿಗೆ ಮೊದಲು ತಿಳಿಯುತ್ತದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲವೆಂಬುದನ್ನು ಸಭೆಯಲ್ಲಿ ಎತ್ತಬೇಕಾದವಳು ಆ ತಾಯಿಯೇ. ಕೂಲಿಗೆ ಹೋಗುವವರಿಗೂ ಬರಲು ಅನುಕೂಲವಾಗುವ ಹೊತ್ತಿಗೆ ಸಭೆಯನ್ನು ಇಡಿ.

ಸಮಿತಿಯ ಕೆಲಸಗಳು

ಕಾಯ್ದೆಯು ಮುಖ್ಯವಾಗಿ ಮೂರು ಕೆಲಸಗಳನ್ನು ಹೇಳಿದೆ. ಶಾಲೆ ಹೇಗೆ ನಡೆಯುತ್ತಿದೆಯೆಂದು ನೋಡುವುದು. ಶಾಲಾಭಿವೃದ್ಧಿ ಯೋಜನೆಯನ್ನು ತಯಾರಿಸಿ ಶಿಫಾರಸು ಮಾಡುವುದು. ಬಂದ ಅನುದಾನ ಸರಿಯಾಗಿ ಖರ್ಚಾಯಿತೇ ಎಂದು ಪರೀಕ್ಷಿಸುವುದು.

ಮೊದಲನೆಯದು, ಶಾಲೆಯ ನಡೆವಳಿ. ಒಂದರಿಂದ ಐದನೆಯ ತರಗತಿಗೆ ವರ್ಷದಲ್ಲಿ 200 ದಿನ, ಆರರಿಂದ ಎಂಟನೆಯ ತರಗತಿಗೆ 220 ದಿನ ಪಾಠ ನಡೆಯಬೇಕೆಂಬುದು ಕಾಯ್ದೆಯ ನಿಯಮ. ಶಿಕ್ಷಕರು ಹೊತ್ತಿಗೆ ಸರಿಯಾಗಿ ಬಂದರೇ ಎಂದು ಕೇಳುವ ಹಕ್ಕು ನಿಮಗಿದೆ. ಆದರೆ ಮಕ್ಕಳ ಹಾಜರಿ ಪುಸ್ತಕವನ್ನೂ ತೆರೆದು ನೋಡಿ. ಹತ್ತಿ ಬಿಡಿಸುವಾಗ, ಶೇಂಗಾ ಕೀಳುವಾಗ, ಕಿರಿಯ ಕೂಸನ್ನು ನೋಡಿಕೊಳ್ಳಬೇಕಾದಾಗ ಮಗುವನ್ನು ಶಾಲೆ ಬಿಡಿಸಿದವರು ಯಾರು? ಮೇಷ್ಟ್ರಲ್ಲ, ನಾವೇ. ಸುಗ್ಗಿಯಲ್ಲಿ ತಪ್ಪಿದ ಹದಿನೈದು ದಿನಗಳ ಲೆಕ್ಕ, ಭಾಗಾಕಾರ ಮಗುವಿಗೆ ಮತ್ತೆ ತಾನಾಗಿ ಬರುವುದಿಲ್ಲ. ಸಮಿತಿಯ ಸದಸ್ಯರು ಮೊದಲು ತಮ್ಮ ಮಕ್ಕಳನ್ನು ತಪ್ಪದೆ ಕಳುಹಿಸಿದರೆ ಆಮೇಲೆ ನೆರೆಮನೆಗೆ ಹೋಗಿ ಹೇಳುವ ಬಾಯಿ ಇರುತ್ತದೆ.

ಮಧ್ಯಾಹ್ನದ ಬಿಸಿಯೂಟದ ಮೇಲೂ ಕಣ್ಣಿರಲಿ. ಸರದಿಯ ಮೇಲೆ ಒಬ್ಬೊಬ್ಬರು ಹೋಗಿ ಅಕ್ಕಿ, ಬೇಳೆಗಳಲ್ಲಿ ಹುಳುವಿದೆಯೇ, ನೀರು ಶುದ್ಧವಾಗಿದೆಯೇ ನೋಡಿ, ಅನ್ನ ಸಾರು ಉಂಡು ಬನ್ನಿ.

ಯೋಜನೆಯಲ್ಲಿ ಲೆಕ್ಕವಿರಲಿ

ಎರಡನೆಯದು ಯೋಜನೆ. ಸಮಿತಿಯ ಬಲವೆಲ್ಲ ಇದರಲ್ಲಿದೆ. "ನಮ್ಮ ಶಾಲೆಗೆ ಏನೂ ಇಲ್ಲ" ಎಂದು ಅಧಿಕಾರಿಗಳ ಮುಂದೆ ಗೋಳಾಡಿದರೆ ಕೆಲಸವಾಗುವುದಿಲ್ಲ. ಎಷ್ಟು ಮಕ್ಕಳು, ಎಷ್ಟು ಕೊಠಡಿ, ಏನು ಕೊರತೆ ಎಂದು ಅಂಕಿ ಸಹಿತ ಬರೆದುಕೊಡಬೇಕು.

ಒಂದು ಉದಾಹರಣೆ ನೋಡಿ. ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ರವರೆಗೆ ಮೂವರು. 91ರಿಂದ 120ರವರೆಗೆ ನಾಲ್ವರು. ನಿಮ್ಮ ಶಾಲೆಯಲ್ಲಿ 58 ಮಕ್ಕಳಿದ್ದು, ಊರಿನಲ್ಲಿ ಶಾಲೆಗೆ ಸೇರದ ಮೂವರು ಮಕ್ಕಳು ಉಳಿದಿದ್ದರೆ, ಆ ಮೂವರನ್ನು ಸೇರಿಸಿದ ದಿನವೇ ಮೂರನೆಯ ಶಿಕ್ಷಕರನ್ನು ಕೇಳುವ ಹಕ್ಕು ಹುಟ್ಟುತ್ತದೆ. ಇದರಂತೆಯೇ ಮಕ್ಕಳು ಕಡಿಮೆಯಾದರೆ ಶಿಕ್ಷಕರೂ ಕಡಿಮೆಯಾಗುತ್ತಾರೆ. ಶಿಕ್ಷಕರು ಕಡಿಮೆಯಾದರೆ ಇನ್ನಷ್ಟು ಮಕ್ಕಳು ಬೇರೆ ಕಡೆಗೆ ಹೋಗುತ್ತಾರೆ. ಊರಿನ ಶಾಲೆ ಬರಿದಾಗುವುದು ಹೀಗೆಯೇ. ಆದುದರಿಂದ ಪ್ರತಿ ವರ್ಷ ಬೇಸಿಗೆಯಲ್ಲಿ ಅಂಗನವಾಡಿಯ ಪುಸ್ತಕ ನೋಡಿ, ಮನೆಮನೆ ತಿರುಗಿ, ಜೂನಿನಲ್ಲಿ ಸೇರಬೇಕಾದ ಮಕ್ಕಳ ಪಟ್ಟಿ ಮಾಡಿಕೊಳ್ಳಿ.

ಒಬ್ಬೊಬ್ಬ ಶಿಕ್ಷಕರಿಗೆ ಒಂದೊಂದು ತರಗತಿ ಕೊಠಡಿ, ಗಂಡು ಮತ್ತು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಶುದ್ಧ ಕುಡಿಯುವ ನೀರು, ಅಡುಗೆ ಕೋಣೆ, ಆಟದ ಬಯಲು, ಕಾಂಪೌಂಡು ಅಥವಾ ಬೇಲಿ, ನಡೆಯಲಾರದ ಮಗುವೂ ಒಳಗೆ ಬರುವಂತೆ ಅಡೆತಡೆಯಿಲ್ಲದ ದಾರಿ, ಇವೆಲ್ಲ ಅನುಸೂಚಿಯಲ್ಲಿವೆ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಶಾಲೆಯನ್ನು ಒಂದು ಸುತ್ತು ಬನ್ನಿ. ಇಲ್ಲದ್ದನ್ನು ಬರೆದುಕೊಳ್ಳಿ. ಯಾವುದು ಮೊದಲು ಬೇಕೆಂದು ಸಭೆಯಲ್ಲಿ ಗೊತ್ತುಮಾಡಿ. ಯೋಜನೆಯ ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಇನ್ನೊಂದು ಪಂಚಾಯಿತಿಗೂ ಹೋಗಲಿ. ಸ್ವೀಕೃತಿ ಪಡೆಯಲು ಮರೆಯಬೇಡಿ.

ಹಣದ ವಿಷಯ

ಮೂರನೆಯದು ಹಣ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಕ್ಕಳ ಸಂಖ್ಯೆಗೆ ಅನುಗುಣವಾಗಿ ಶಾಲೆಗೆ ವಾರ್ಷಿಕ ಅನುದಾನದ ಏರ್ಪಾಡಿದೆ. ದಾನಿಗಳು ಕೊಟ್ಟ ಹಣವೂ ಇರಬಹುದು. ಎಷ್ಟು ಬಂತು, ಏತಕ್ಕೆ ಹೋಯಿತು ಎಂಬುದನ್ನು ಸಭೆಯಲ್ಲಿ ಓದಿಸಿ ಕೇಳಿ. ರಶೀದಿಗಳನ್ನು ನೋಡಿ, ಕೊಂಡ ಸಾಮಾನು ಶಾಲೆಯಲ್ಲಿದೆಯೇ ಎಂದು ಕಣ್ಣಾರೆ ನೋಡಿ. ಅಧ್ಯಕ್ಷರಾದವರು ಖಾಲಿ ಚೆಕ್ಕಿಗಾಗಲಿ ಖಾಲಿ ಹಾಳೆಗಾಗಲಿ ಎಂದಿಗೂ ರುಜು ಹಾಕಬಾರದು. ಓದು ಬರಹ ಬಾರದಿದ್ದರೆ ನಾಚಿಕೆಪಡಬೇಕಾದ್ದಿಲ್ಲ. ನಂಬಿಕೆಯವರಿಂದ ಓದಿಸಿ, ತಿಳಿದ ಮೇಲೆ ಹೆಬ್ಬೆಟ್ಟು ಒತ್ತಿ. ಹೀಗೆ ಮಾಡುವುದು ಮುಖ್ಯ ಶಿಕ್ಷಕರ ಮೇಲಿನ ಅಪನಂಬಿಕೆಯಲ್ಲ. ಲೆಕ್ಕ ಬಯಲಾಗಿದ್ದರೆ ಅವರ ಮೇಲೂ ಅಪವಾದ ಬರುವುದಿಲ್ಲ.

ಸಮಿತಿಯ ಎಲ್ಲೆ

ಸಮಿತಿಯು ಶಿಕ್ಷಕರ ಯಜಮಾನನಲ್ಲ. ಅವರನ್ನು ವರ್ಗ ಮಾಡುವ, ಕೆಲಸದಿಂದ ತೆಗೆಯುವ ಅಧಿಕಾರ ಅದಕ್ಕಿಲ್ಲ. ಪಾಠ ನಡೆಯುವಾಗ ಒಳನುಗ್ಗಿ, ಮಕ್ಕಳೆದುರು ಮೇಷ್ಟ್ರನ್ನು ಬೈದರೆ ಮಕ್ಕಳು ಕಲಿಯುವುದು ಬೈಗುಳವನ್ನೇ. ಹೇಳಬೇಕಾದ್ದನ್ನು ಸಭೆಯಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ. ಮಗುವನ್ನು ಹೊಡೆಯುವುದನ್ನು ಕಾಯ್ದೆ ನಿಷೇಧಿಸಿದೆ. ಇಂತಹ ಸಂಗತಿ ನಡೆದರೆ, ಅಥವಾ ಹೇಳಿದ ಮಾತು ನಡೆಯದಿದ್ದರೆ, ಲಿಖಿತ ದೂರು ಕೊಡಿ. ಮಗುವಿನ ಹಕ್ಕಿನ ಬಗ್ಗೆ ಸ್ಥಳೀಯ ಪ್ರಾಧಿಕಾರಕ್ಕೆ ಬಂದ ದೂರು ಮೂರು ತಿಂಗಳೊಳಗೆ ತೀರ್ಮಾನವಾಗಬೇಕೆಂದು 32ನೆಯ ಕಲಮು ಹೇಳುತ್ತದೆ.

ಶಿಕ್ಷಕರ ಬೆನ್ನಿಗೆ ನಿಲ್ಲುವುದೂ ಸಮಿತಿಯ ಧರ್ಮವೇ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ, ಇವನ್ನು ಬಿಟ್ಟು ಶಿಕ್ಷಣಕ್ಕೆ ಸಂಬಂಧಿಸದ ಬೇರೆ ಕೆಲಸಗಳಿಗೆ ಶಿಕ್ಷಕರನ್ನು ಹಚ್ಚಬಾರದೆಂದು ಕಾಯ್ದೆಯಲ್ಲಿದೆ. ಅಂತಹ ಕೆಲಸದಿಂದ ಪಾಠ ನಿಂತರೆ ಸಮಿತಿಯೇ ಮುಂದೆ ಬಂದು ಬರೆಯಬೇಕು.

ಈ ತಿಂಗಳು ಮಾಡಬೇಕಾದದ್ದು

ಶಾಲೆಗೆ ಹೋಗಿ, ಸಮಿತಿಯ ಸದಸ್ಯರ ಹೆಸರುಗಳನ್ನು ಕೇಳಿ ತಿಳಿಯಿರಿ. ಕಳೆದ ಸಭೆ ಯಾವತ್ತು ಆಯಿತು, ಮುಂದಿನದು ಯಾವತ್ತು ಎಂದು ವಿಚಾರಿಸಿ. ಸದಸ್ಯರಾಗಿದ್ದರೆ ನಡಾವಳಿಯನ್ನು ಓದಿ, ಅಥವಾ ಓದಿಸಿ ಕೇಳಿ, ಆಮೇಲೆ ರುಜು ಹಾಕಿ. ಸದಸ್ಯರಲ್ಲದಿದ್ದರೆ ಪೋಷಕರ ಸಭೆಗೆ ತಪ್ಪದೆ ಹೋಗಿ. ಹೋಗುವ ಮೊದಲು ರಾತ್ರಿ ದೀಪದ ಬೆಳಕಿನಲ್ಲಿ ಮಗುವನ್ನು ಹತ್ತಿರ ಕೂರಿಸಿಕೊಂಡು ಒಂದು ಪುಟ ಓದಿಸಿ ನೋಡಿ. ನಿಮಗೆ ಓದಲು ಬಾರದಿದ್ದರೂ ಮಗು ಸರಾಗವಾಗಿ ಓದುತ್ತಿದೆಯೋ ತಡವರಿಸುತ್ತಿದೆಯೋ ಎಂಬುದು ಕಿವಿಗೆ ತಿಳಿಯುತ್ತದೆ. ಸಭೆಯಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಅಲ್ಲೇ ಸಿಗುತ್ತದೆ.