ಹಿತ್ತಲ ಕೋಳಿಯ ಕೊನೆಯ ಗಳಿಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟದ ಮನೆಗಳಲ್ಲಿ ನಾಲ್ಕಾರು ಕೋಳಿಗಳು ಸಾಮಾನ್ಯ. ಗೊಬ್ಬರದ ಗುಂಡಿ ಕೆದಕಿ, ತೆಂಗಿಗೆ ಕಂಟಕವಾದ ಕುರುವಾಯಿ ದುಂಬಿಯ ಹುಳುಗಳನ್ನು ಹೆಕ್ಕಿ ತಿನ್ನುವ ಈ ಜೀವಿಗಳು ಮನೆಗೆ ಮೊಟ್ಟೆ ಕೊಡುತ್ತವೆ, ತೋಟಕ್ಕೆ ಗೊಬ್ಬರ ಕೊಡುತ್ತವೆ. ಹೇಂಟೆ ಮೊದಲ ಒಂದೆರಡು ವರ್ಷ ಚೆನ್ನಾಗಿ ಮೊಟ್ಟೆ ಇಡುತ್ತದೆ, ಬಳಿಕ ಕಡಿಮೆಯಾಗುತ್ತಾ ಹೋಗುತ್ತದೆ. ಆದರೆ ಅದು ಐದಾರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬದುಕಬಲ್ಲದು. ಹಾಗಾದರೆ ಅದು ಮುದಿಯಾದಾಗ, ರೋಗ ಬಿದ್ದಾಗ ನಮ್ಮ ಕರ್ತವ್ಯವೇನು?

ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇಷ್ಟೇ: ತೂಕಡಿಸುವ ಕೋಳಿಯನ್ನು ಮಂಕರಿಯಡಿ ಮುಚ್ಚಿಡುತ್ತಾರೆ. ಕೊಲ್ಲಲು ಮನಸ್ಸು ಬರುವುದಿಲ್ಲ. ಅದು ಎರಡು ಮೂರು ದಿನ ನರಳಿ ಸಾಯುತ್ತದೆ. ಇದನ್ನು ನಾವು ಕರುಣೆ ಎಂದುಕೊಳ್ಳುತ್ತೇವೆ. ನಿಜವಾಗಿ ಇದು ಕರುಣೆಯೇ? ಸ್ವಲ್ಪ ಯೋಚಿಸಿ.

ಮೊದಲು ಪರೀಕ್ಷಿಸಿ

ರೋಗ ಬಂದ ಕೋಳಿಯೆಲ್ಲ ಸಾಯಬೇಕಿಲ್ಲ. ಜುಟ್ಟು, ಮುಖದ ಮೇಲೆ ಸಿಡುಬಿನ ಗುಳ್ಳೆಗಳೆದ್ದರೂ ತಿನ್ನುವ ಕೋಳಿ ಹಲವು ಬಾರಿ ಚೇತರಿಸಿಕೊಳ್ಳುತ್ತದೆ. ಮುರಿದ ಕಾಲಿಗೆ ದಬ್ಬೆ ಕಟ್ಟಬಹುದು. ಆದರೆ ನೀರನ್ನೂ ಮುಟ್ಟದೆ, ಎದ್ದು ನಿಲ್ಲಲಾಗದೆ, ಬಾಯಿ ತೆರೆದು ಉಸಿರಿಗೆ ಹೋರಾಡುತ್ತಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಹಸಿರು ಭೇದಿ, ತಿರುಚಿದ ಕತ್ತು ಕೊಕ್ಕರೆ ರೋಗದ ಲಕ್ಷಣಗಳು. ಇದಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ ಇದೆ. ಮರಿಗೆ ಒಂದು ವಾರವಾಗುವಾಗ ಲಸೋಟ, ಆರರಿಂದ ಎಂಟು ವಾರದಲ್ಲಿ ಆರ್-ಟು-ಬಿ ಲಸಿಕೆ ಹಾಕಿಸಿ.

ಹರಿತವಾದ ಚೂರಿ

ಮುದಿಯಾದ, ಆದರೆ ಆರೋಗ್ಯವಂತ ಕೋಳಿಯನ್ನು ಝಬಹ್ ಮಾಡಿ ತಿನ್ನಬಹುದು. ಅಲ್ಲಾಹನು ಎಲ್ಲದರಲ್ಲೂ ಒಳಿತಿನ ವರ್ತನೆಯನ್ನು ವಿಧಿಸಿದ್ದಾನೆ, ಆದ್ದರಿಂದ ಝಬಹ್ ಮಾಡುವವನು ಚೂರಿಯನ್ನು ಹರಿತಗೊಳಿಸಿ ಪ್ರಾಣಿಗೆ ನೆಮ್ಮದಿ ನೀಡಲಿ ಎಂಬ ಅರ್ಥದ ಪ್ರವಾದಿ(ಸ)ರ ಬೋಧನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ತೆಂಗಿನಕಾಯಿ ಕೆತ್ತುವ ಮಚ್ಚು. ಅದರ ಬಾಯಿ ಮುಕ್ಕಾಗಿರುತ್ತದೆ, ಅದು ಬೇಡ. ಮುಕ್ಕಿಲ್ಲದ ಚೂರಿಯೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಕೋಳಿಯ ಕಣ್ಣೆದುರು ಮಸೆಯಬೇಡಿ, ಇತರ ಕೋಳಿಗಳ ಮುಂದೆ ಕೊಯ್ಯಬೇಡಿ. ನೀರು ಕುಡಿಸಿ, ರೆಕ್ಕೆಗಳನ್ನು ಮೃದುವಾಗಿ ಒತ್ತಿ ಹಿಡಿದು, ಅಲ್ಲಾಹನ ನಾಮ ಸ್ಮರಿಸಿ ಶ್ವಾಸನಾಳ, ಅನ್ನನಾಳ ಮತ್ತು ಎರಡೂ ಬದಿಯ ರಕ್ತನಾಳಗಳು ತುಂಡಾಗುವಂತೆ ಬೇಗ ಕೊಯ್ಯಿರಿ. ತಲೆಯನ್ನು ಬೇರ್ಪಡಿಸಬೇಡಿ. ಜೀವ ಪೂರ್ತಿ ಹೋಗುವ ತನಕ ಬಿಸಿನೀರಿಗೆ ಹಾಕುವುದೂ ಪುಕ್ಕ ಕೀಳುವುದೂ ಸಲ್ಲದು.

ಸಹೋದರಿಯರೇ, ನೀವೂ ಮಾಡಬಹುದು

ಕೋಳಿ ಸಾಕುವವರು ಹೆಂಗಸರು, ಕೊಯ್ಯುವವರು ಗಂಡಸರು ಎಂಬುದು ರೂಢಿ. ನಾಯಿ ಕಚ್ಚಿದ ಕೋಳಿ ಬೆಳಿಗ್ಗೆಯಿಂದ ಸಂಜೆಯವರೆಗೆ, ಮನೆಯ ಯಜಮಾನರು ಕೊಬ್ಬರಿ ಮಂಡಿಯಿಂದ ಬರುವ ತನಕ ಒದ್ದಾಡುತ್ತದೆ. ಕಅಬ್ ಬಿನ್ ಮಾಲಿಕ್‌(ರ)ರ ಕುರಿಗಳನ್ನು ಮೇಯಿಸುತ್ತಿದ್ದ ದಾಸಿಯೊಬ್ಬಳು, ಸಾಯುವ ಸ್ಥಿತಿಯಲ್ಲಿದ್ದ ಕುರಿಯನ್ನು ಕಂಡು ಕಲ್ಲೊಂದನ್ನು ಒಡೆದು ಅದರ ಹರಿತವಾದ ಅಂಚಿನಿಂದ ಝಬಹ್ ಮಾಡಿದಳು. ಅದನ್ನು ತಿನ್ನಲು ಪ್ರವಾದಿ(ಸ)ರು ಅನುಮತಿಸಿದರೆಂದು ಬುಖಾರಿಯಲ್ಲಿ ವರದಿಯಾಗಿದೆ. ಹೆಣ್ಣಿನ ಕೈಯ ಝಬಹ್ ಸಿಂಧುವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ? ಗಾಯಗೊಂಡ ಕೋಳಿಯಲ್ಲಿ ಜೀವವಿರುವಾಗಲೇ ಝಬಹ್ ಆಗಬೇಕು. ತಾನಾಗಿ ಸತ್ತದ್ದು ಹಲಾಲ್ ಅಲ್ಲ.

ತಿನ್ನಲಾಗದ ಕೋಳಿ

ರೋಗದ ಕೋಳಿಯನ್ನು, ಈಗಷ್ಟೇ ಔಷಧಿ ಕೊಟ್ಟ ಕೋಳಿಯನ್ನು ತಿನ್ನಬೇಡಿ. ಅದರ ನರಳಾಟ ಕೊನೆಗೊಳಿಸಲು ಪಶುವೈದ್ಯರ ನೆರವು ಉತ್ತಮ. ಅವರು ಸಿಗದಿದ್ದರೆ, ಮೂರು ಕಿಲೋಗಿಂತ ಕಡಿಮೆ ತೂಕದ ಕೋಳಿಗೆ ಕತ್ತಿನ ಮೂಳೆ ಬೇರ್ಪಡಿಸುವ ಕ್ರಮವಿದೆ. ಎಡಗೈಯಲ್ಲಿ ಕಾಲುಗಳನ್ನು ಹಿಡಿದು, ಬಲಗೈಯ ಎರಡು ಬೆರಳ ನಡುವೆ ತಲೆಯ ಹಿಂಭಾಗವನ್ನು ಹಿಡಿದು, ತಲೆಯನ್ನು ಹಿಂದಕ್ಕೆ ಬಾಗಿಸುತ್ತಾ ಒಂದೇ ಸಲ ಕೆಳಕ್ಕೆ ಬಲವಾಗಿ ಎಳೆಯಬೇಕು. ಆಮೇಲೆ ರೆಕ್ಕೆ ಬಡಿಯುವುದು ನರಗಳ ಚಲನೆ, ಗಾಬರಿ ಬೇಡ. ಉಸಿರು ನಿಂತಿದೆಯೇ, ಕಣ್ಣು ಮುಟ್ಟಿದರೆ ರೆಪ್ಪೆ ಮಿಟುಕುವುದಿಲ್ಲವೇ ಎಂದು ಖಚಿತಪಡಿಸಿಕೊಳ್ಳಿ. ಅರಿತವರಿಂದ ಕಲಿಯದೆ ಇದಕ್ಕೆ ಕೈ ಹಾಕಬೇಡಿ. ಅನುಮಾನದ ಕೈ ನೋವನ್ನು ಹೆಚ್ಚಿಸುತ್ತದೆ. ಧಾರ್ಮಿಕ ಸಂದೇಹವಿದ್ದರೆ ಊರಿನ ಆಲಿಮರನ್ನು ಕೇಳಿ.

ಸತ್ತ ಕೋಳಿಯನ್ನು ಕೆರೆಗೋ ಬೇಲಿಯಾಚೆಗೋ ಎಸೆಯಬೇಡಿ. ಬಾವಿ, ಕೊಳವೆಬಾವಿಯಿಂದ ದೂರ ನಾಯಿ ಕೆದಕದಷ್ಟು ಆಳದ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಿ. ಕೈಗಳನ್ನು ಸೋಪಿನಿಂದ ತೊಳೆಯಿರಿ.

ಒಮ್ಮೆಲೇ ಹಲವು ಸತ್ತರೆ

ಆಗ ಯಾವುದನ್ನೂ ಕೊಯ್ಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಅದು ಹಕ್ಕಿಜ್ವರವೂ ಆಗಿರಬಹುದು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದಲ್ಲೇ ಮೊದಲ ಬಾರಿಗೆ ಕಂಡ ಈ ರೋಗ, 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಕಾಣಿಸಿಕೊಂಡಿತು. ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ತೂಕಡಿಸುವ ಕೋಳಿಯನ್ನು ಬೆಳಕು ಹರಿಯುವ ಮುನ್ನ ಸಂತೆಗೆ ಸಾಗಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಇದು ವಂಚನೆ. ಸರಕಿನ ಕುಂದನ್ನು ಮರೆಮಾಚುವ ವ್ಯಾಪಾರಿಯನ್ನು ಪ್ರವಾದಿ(ಸ)ರು ಕಟುವಾಗಿ ಎಚ್ಚರಿಸಿದ್ದಾರೆ. ಜೊತೆಗೆ ರೋಗವೂ ಹತ್ತು ಹಳ್ಳಿಗೆ ಹರಡುತ್ತದೆ. ಕಾಲು ಕಟ್ಟಿ ತಲೆಕೆಳಗಾಗಿ ಬೈಕಿಗೆ ನೇತುಹಾಕುವುದೂ ಹಿಂಸೆಯೇ. ಪ್ರಾಣಿಗಳಿಗೆ ಅನಗತ್ಯ ನೋವಾಗುವಂತೆ ಸಾಗಿಸುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಅಪರಾಧವೆನ್ನುತ್ತದೆ.

ಮೊಟ್ಟೆ ಕೊಡುವಾಗ ಕಾಳು ಹಾಕುವುದು ಸುಲಭ. ಕೊಡಲಾಗದ ದಿನ ನಾವು ಆ ಜೀವದೊಂದಿಗೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದನ್ನು ನಮ್ಮ ಮಕ್ಕಳು ನೋಡುತ್ತಿರುತ್ತಾರೆ, ಅಲ್ಲಾಹನೂ ನೋಡುತ್ತಿರುತ್ತಾನೆ.