ಮಿದುಳು ಹವಳ ಸಾಕಬೇಕೆಂದವರಿಗೆ

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ, ಅಕ್ವೇರಿಯಂ ಹುಚ್ಚು ಹತ್ತಿದವರಿಗೆ ಚೆನ್ನೈನ ಕೊಳತ್ತೂರು ದೂರವೇನಲ್ಲ. ಅಲ್ಲಿನ ಬಣ್ಣದ ಮೀನಿನ ಸಂತೆಗೆ ಬಂಗಾರಪೇಟೆ ಜಂಕ್ಷನ್ನಿನಲ್ಲಿ ರೈಲು ಹತ್ತಿದರೆ ಆಯಿತು. ಗಪ್ಪಿ, ಗೋಲ್ಡ್‌ಫಿಶ್ ಸಾಕಿ ಕೈ ಪಳಗಿದ ಮೇಲೆ ಕಣ್ಣು ಉಪ್ಪುನೀರಿನ ತೊಟ್ಟಿಯ ಕಡೆ ಹೊರಳುವುದು ಸಹಜ. ಫೋನಿನ ವಿಡಿಯೊಗಳಲ್ಲಿ ನೀಲಿ ಬೆಳಕಿನಡಿ ಹಸಿರು, ಕೆಂಪು, ನೇರಳೆ ಬಣ್ಣಗಳಲ್ಲಿ ಹೊಳೆಯುವ, ಮಡಿಕೆ ಮಡಿಕೆಯಾದ ಮಿದುಳು ಹವಳವನ್ನು ಕಂಡವರು ಅದನ್ನೇ ಬೇಕೆನ್ನುತ್ತಾರೆ. ಕಡಲಿನಿಂದ 200 ಕಿ.ಮೀ.ಗೂ ಆಚೆ, ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಬಯಲುಸೀಮೆಯಲ್ಲಿ ಕಡಲಿನ ಒಂದು ತುಣುಕನ್ನು ಇಟ್ಟುಕೊಳ್ಳುವ ಆಸೆ ಇದು. ಆಸೆಯ ಬಗ್ಗೆ ತಕರಾರಿಲ್ಲ. ಅದರ ಸುತ್ತ ಹಬ್ಬಿರುವ ತಿಳಿವಳಿಕೆಯ ಬಗ್ಗೆ ಇದೆ. ಹವಳವನ್ನು ಅಲಂಕಾರದ ವಸ್ತುವೆಂದು ನೋಡುವುದರಿಂದಲೇ ಈ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುತ್ತವೆ.

ತಪ್ಪು ಕಲ್ಪನೆ: ಇದು ಕಲ್ಲು, ಇಲ್ಲವೇ ಕಲ್ಲಿನ ಮೇಲೆ ಬೆಳೆದ ಗಿಡ.

ವಾಸ್ತವ: ಇದು ಪ್ರಾಣಿ. ಬಾಯಿ ಇದೆ, ಹೊಟ್ಟೆ ಇದೆ, ಬೇಟೆ ಹಿಡಿಯಲು ಕುಟುಕುವ ಎಳೆಗಳಿವೆ. ಅಂಬಲಿ ಮೀನಿನ ದೂರದ ಬಂಧು. ಕಲ್ಲಿನಂತೆ ಕಾಣುವುದು ಅದು ತನ್ನ ಅಡಿಯಲ್ಲಿ ತಾನೇ ಕಟ್ಟಿಕೊಂಡ ಕ್ಯಾಲ್ಸಿಯಂ ಕಾರ್ಬೊನೇಟಿನ ಅಸ್ಥಿ. ಜೀವ ಇರುವುದು ಅದರ ಮೇಲೆ ಹೊದ್ದ ತೆಳು ಮಾಂಸದಲ್ಲಿ ಮಾತ್ರ. ಆ ಮಾಂಸದ ಕೋಶಗಳೊಳಗೆ ಸೂಕ್ಷ್ಮ ಪಾಚಿ ವಾಸವಿದ್ದು, ಬೆಳಕಿನಿಂದ ಆಹಾರ ತಯಾರಿಸಿ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತದೆ. ಅಕ್ಕಪಕ್ಕದ ಪಾಲಿಪ್‌ಗಳು, ಅಂದರೆ ಹವಳದ ಗುಂಪಿನ ಬಿಡಿ ಜೀವಿಗಳು, ಗೋಡೆ ಕಟ್ಟಿಕೊಳ್ಳದೆ ಸಾಲಾಗಿ ಬೆಸೆದುಕೊಳ್ಳುವುದರಿಂದ ಆ ಅಂಕುಡೊಂಕು ಕಣಿವೆಗಳು ಮೂಡುತ್ತವೆ. ಬಂಡೆಯಂತೆ ದುಂಡಗೆ ಬೆಳೆಯುವ ಪ್ಲಾಟಿಗೈರಾ, ತೊಟ್ಟಿ ಸಾಕಣೆಯಲ್ಲಿ ಹೆಸರಾದ ಲೋಬೊಫಿಲಿಯಾ, ಮರಳಿನ ಮೇಲೆ ಬಿಡಿಯಾಗಿ ಕೂರುವ ಟ್ರಾಕಿಫಿಲಿಯಾ, ಎಲ್ಲವನ್ನೂ ಅಂಗಡಿಯಲ್ಲಿ ಒಂದೇ ಹೆಸರಿನಿಂದ ಕರೆಯುತ್ತಾರೆ. ಬಂಡೆಯಂಥವು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ದೊಡ್ಡ ಕುಂಬಳಕಾಯಿ ಗಾತ್ರದ ಹವಳವನ್ನು ಯಾರಾದರೂ ಮಾರಾಟಕ್ಕಿಟ್ಟರೆ, ಅದು ಮಾರುವವನಿಗಿಂತ ಹಿರಿಯದಾಗಿರಬಹುದು.

ತಪ್ಪು ಕಲ್ಪನೆ: ಉಂಗುರದ ಹವಳವೂ ಇದೂ ಒಂದೇ.

ವಾಸ್ತವ: ಅಲ್ಲ. ಕುಜ ದೋಷಕ್ಕೆಂದು ಜ್ಯೋತಿಷಿಗಳು ಹೇಳುವ, ಆಭರಣದಂಗಡಿಯಲ್ಲಿ ರತಿಯ ಲೆಕ್ಕದಲ್ಲಿ ತೂಗುವ ಕೆಂಪು ಹವಳ ಬೇರೆಯದೇ ಗುಂಪಿನದು. ಹೆಸರಾಂತ ಕೆಂಪು ಹವಳ ಬರುವುದು ಮೆಡಿಟರೇನಿಯನ್ ಕಡಲಿನಿಂದ. ಮಿದುಳು ಹವಳದ ಅಸ್ಥಿ ಬಿಳಿ, ರಂಧ್ರಮಯ. ಹೊಳಪು ಕೊಟ್ಟು ಧರಿಸುವಂಥದ್ದಲ್ಲ.

ತಪ್ಪು ಕಲ್ಪನೆ: ಅಂಗಡಿಯಲ್ಲಿ ಮಾರುತ್ತಾರೆ ಎಂದ ಮೇಲೆ ಸಾಕಲು ಅಡ್ಡಿಯಿಲ್ಲ.

ವಾಸ್ತವ: ಅಡ್ಡಿ ಇದೆ, ಅದೂ ದೊಡ್ಡದು. ಕೆಜಿಎಫ್‌ನ ಚಿನ್ನದ ಗಣಿಗಳು ಮುಚ್ಚಿದ 2001ರಲ್ಲೇ, ಜುಲೈನಲ್ಲಿ, ಕೇಂದ್ರ ಸರ್ಕಾರ ಗಟ್ಟಿ ಹವಳಗಳ ಇಡೀ ಗಣವನ್ನು 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿತು. ಹುಲಿ, ಆನೆ ಇರುವ ಪಟ್ಟಿ ಅದು. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಕಡಲ ಬೀಸಣಿಗೆಗಳೂ ಜೊತೆಗೆ ಸೇರಿದವು. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ.

‘ಇದು ಇಂಡೊನೇಷ್ಯಾದ್ದು ಸಾರ್, ನಮ್ಮ ಕಡಲಿನದ್ದಲ್ಲ’ ಎಂಬ ಸಮಜಾಯಿಷಿಯನ್ನು ನಂಬಬೇಡಿ. ಪಟ್ಟಿ ಹೆಸರಿಸಿರುವುದು ಗಣವನ್ನು, ದೇಶವನ್ನಲ್ಲ. ಗಟ್ಟಿ ಹವಳಗಳು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲೂ ಇರುವುದರಿಂದ, ಕಳಿಸುವ ದೇಶದ ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಇನ್ನೊಂದನ್ನು ಬಹಳ ಮಂದಿ ಗಮನಿಸುವುದಿಲ್ಲ: ‘ಲೈವ್ ರಾಕ್’ ಎಂದು ಕಿಲೋ ಲೆಕ್ಕದಲ್ಲಿ ಮಾರುವುದು ಬಹುಮಟ್ಟಿಗೆ ಸತ್ತ ಗಟ್ಟಿ ಹವಳದ ಅಸ್ಥಿಯೇ. ಅದರ ಬದಲು ಸೆರಾಮಿಕ್ ಕಲ್ಲು ಸಿಗುತ್ತದೆ, ಕೆಲಸ ಅಷ್ಟೇ ಚೆನ್ನಾಗಿ ಮಾಡುತ್ತದೆ.

ಹಾಗಾಗಿ ಊರಲ್ಲಿರುವವರಿಗೆ ನನ್ನ ಮಾತು ನೇರ: ಮಿದುಳು ಹವಳ ಕೊಳ್ಳಬೇಡಿ. ಹವಳ ನೋಡಲೇಬೇಕೆಂದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಮಳೆಗಾಲ ಕಳೆದ ಮೇಲೆ ನೀರಿಗಿಳಿದು, ಮುಟ್ಟದೆ ನೋಡಿ ಬನ್ನಿ. ಮುಂದಿನ ಮಾತುಗಳು ಕಾನೂನು ಒಪ್ಪುವ ದೇಶಗಳಲ್ಲಿ ನೆಲೆಸಿ, ರಸೀದಿ ಸಮೇತ ಹವಳ ಕೊಂಡಿರುವ ನಮ್ಮ ಕಡೆಯವರಿಗೆ. ಒಂದನೇ ಅನುಸೂಚಿಯಲ್ಲಿ ಹೆಸರಿಲ್ಲದ, ಹವಳದ ಬಂಧುಗಳಾದ ಮಶ್ರೂಮ್, ಝೊಯಾಂತಿಡ್‌ಗಳನ್ನು ಬಿಲ್ಲು ಪಡೆದು ಇಲ್ಲೇ ಸಾಕುವವರಿಗೂ ನೀರಿನ ಶಿಸ್ತು ಹೆಚ್ಚುಕಡಿಮೆ ಅದೇ.

ತಪ್ಪು ಕಲ್ಪನೆ: ನೀರು ತಿಳಿಯಾಗಿದ್ದರೆ ಸಾಕು.

ವಾಸ್ತವ: ಬಂಗಾರಪೇಟೆ ಪಾನಿಪುರಿಯ ನೀರು ನೋಡಲು ಬಣ್ಣವಿಲ್ಲದ ತಿಳಿನೀರು, ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ನಲ್ಲಿಯ ನೀರೂ ಹವಳದ ಪಾಲಿಗೆ ಹಾಗೆಯೇ. ಕೋಲಾರ ಜಿಲ್ಲೆಯ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದಿವೆ; ಮೇಲೆ ಬರುವುದು ಗಡಸು ನೀರು, ಹಲವೆಡೆ ಫ್ಲೋರೈಡ್ ಬೆರೆತದ್ದು. ಟ್ಯಾಂಕರ್ ನೀರಿನ ಮೂಲ ಇವತ್ತೊಂದು, ನಾಳೆಯೊಂದು. ಇದರಲ್ಲಿ ಉಪ್ಪು ಕಲಸಿದರೆ ಸಮುದ್ರವಾಗುವುದಿಲ್ಲ.

ನಾಣ್ಯ ಹಾಕಿ ಕ್ಯಾನ್ ತುಂಬುವ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದರೆ? ಕುಡಿಯಲು ಸರಿ, ಹವಳಕ್ಕೆ ಅರ್ಧ ಸರಿ. ರುಚಿಗಾಗಿ ಒಂದಿಷ್ಟು ಖನಿಜ ಉಳಿಸುವಂತೆ ಇಂಥ ಯಂತ್ರಗಳನ್ನು ಹೊಂದಿಸಿರುತ್ತಾರೆ. ಮನೆಯ ಆರ್‌ಓದಲ್ಲೂ ಹಲವು ಬಾರಿ ಹಸಿ ನೀರನ್ನು ಬೆರೆಸುವ ತಿರುಪು ಇರುತ್ತದೆ. ಆರ್‌ಓ ನಂತರ ಡಿಅಯಾನೈಸರ್ ಕಾರ್ಟ್ರಿಜ್ ದಾಟಿಸಿ, ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬರುವ ನೀರಿನಿಂದಲೇ ಶುರು ಮಾಡಬೇಕು.

ಆ ನೀರನ್ನು ತಾಮ್ರದ ಹಂಡೆಯಲ್ಲಿ, ಬಿಂದಿಗೆಯಲ್ಲಿ ತುಂಬಿಡಬೇಡಿ. ನಮಗೆ ಒಳ್ಳೆಯದೆಂದು ನಂಬುವ ತಾಮ್ರ ಬೆನ್ನೆಲುಬಿಲ್ಲದ ಕಡಲಜೀವಿಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧಿಯನ್ನೂ ಇದೇ ಕಾರಣಕ್ಕೆ ಹವಳದ ತೊಟ್ಟಿಗೆ ಹಾಕುವಂತಿಲ್ಲ.

ಇನ್ನು ಲೆಕ್ಕಗಳು. ಲವಣಾಂಶ ಲೀಟರಿಗೆ ಸುಮಾರು 35 ಗ್ರಾಂ, ಅಂದರೆ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು. ಉಷ್ಣತೆ 24ರಿಂದ 27 ಡಿಗ್ರಿ. ಕ್ಯಾಲ್ಸಿಯಂ ಲೀಟರಿಗೆ 400–450 ಮಿಲಿಗ್ರಾಂ, ಮೆಗ್ನೀಸಿಯಂ 1,250–1,350. ಆಲ್ಕಲಿನಿಟಿ (ಕಾರ್ಬೊನೇಟ್ ಗಡಸುತನದ ಅಳತೆ) 8–9 ಡಿಕೆಎಚ್. ಇವುಗಳಲ್ಲಿ ದಿನದಿನವೂ ಕಣ್ಣಿಡಬೇಕಾದದ್ದು ಕೊನೆಯದರ ಮೇಲೆ, ಏಕೆಂದರೆ ಅಸ್ಥಿ ಕಟ್ಟುವಾಗ ಮೊದಲು ಏರುಪೇರಾಗುವುದು ಅದೇ. ಅದು 8 ಇದ್ದರೂ ಹವಳ ಬದುಕುತ್ತದೆ, 9 ಇದ್ದರೂ ಬದುಕುತ್ತದೆ; ಇವತ್ತು 7, ನಾಳೆ 10 ಆದರೆ ಬಾಡುತ್ತದೆ. ಅಂಕಿ ಸ್ವಲ್ಪ ತಪ್ಪಿದೆಯೆಂದು ಗಾಬರಿಬಿದ್ದು ಒಂದೇ ರಾತ್ರಿಯಲ್ಲಿ ಸರಿಮಾಡಲು ಹೊರಟವರಿಂದ ಸತ್ತ ಹವಳಗಳು ಕಡಿಮೆಯಲ್ಲ. ಒಂದೆರಡು ಹವಳವಿರುವ ತೊಟ್ಟಿಗೆ ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಿಸುವುದೇ ಸಾಮಾನ್ಯವಾಗಿ ಸಾಕಾಗುತ್ತದೆ.

ಹೊಸ ತೊಟ್ಟಿಯಾದರೆ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮಿದುಳು ಹವಳಕ್ಕೆ ಅದರ ಮೇಲೂ ಕೆಲವು ತಿಂಗಳು ಕಾಯುವುದು ಒಳ್ಳೆಯದು.

ತಪ್ಪು ಕಲ್ಪನೆ: ಉಪ್ಪು ಯಾವುದಾದರೇನು, ಕಲ್ಲುಪ್ಪೇ ಹಾಕಿದರಾಯಿತು.

ವಾಸ್ತವ: ಅಡುಗೆಯ ಉಪ್ಪು ಬರೀ ಸೋಡಿಯಂ ಕ್ಲೋರೈಡ್. ಹವಳಕ್ಕೆ ಬೇಕಾದ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸ್ಟ್ರಾನ್ಷಿಯಂ ಅದರಲ್ಲಿ ಇಲ್ಲವೆಂದರೂ ನಡೆದೀತು. ರೀಫ್ ತೊಟ್ಟಿಗೆಂದೇ ತಯಾರಿಸಿದ ಉಪ್ಪಿನ ಮಿಶ್ರಣ ಬೇಕು. ಮರೀನಾ ಬೀಚಿನಿಂದ ಡ್ರಮ್ಮಿನಲ್ಲಿ ನೀರು ತರುವ ಸಾಹಸವೂ ಬೇಡ. ಊರಿನ ಚರಂಡಿ ಸೇರುವ ದಡದ ನೀರು ಅದು.

ತಪ್ಪು ಕಲ್ಪನೆ: ನೀರು ಇಳಿದಷ್ಟೂ ಉಪ್ಪುನೀರು ಸುರಿಯಬೇಕು.

ವಾಸ್ತವ: ಆವಿಯಾಗುವುದು ನೀರು, ಉಪ್ಪಲ್ಲ. ಉಪ್ಪುನೀರನ್ನೇ ಸುರಿಯುತ್ತಾ ಹೋದರೆ ತೊಟ್ಟಿ ವಾರದಲ್ಲಿ ಉಪ್ಪಿನಕಾಯಿ ಜಾಡಿ. ಸೊನ್ನೆ ಟಿಡಿಎಸ್‌ನ ಸಿಹಿನೀರನ್ನೇ ದಿನವೂ ಸೇರಿಸಬೇಕು. ನಮ್ಮ ಕಡೆ ಇದು ಹೆಚ್ಚು ಮುಖ್ಯ, ಏಕೆಂದರೆ ಏಪ್ರಿಲ್‌ನ ಒಣಹವೆಯಲ್ಲಿ ಆವಿಯಾಗುವ ವೇಗ ಜಾಸ್ತಿ. ಇದರ ಲಾಭವೂ ಇದೆ: ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನು ಎರಡು–ಮೂರು ಡಿಗ್ರಿ ಇಳಿಸುತ್ತದೆ. ಕಡಲತಡಿಯ ಊರಿನ ತೇವದ ಗಾಳಿಯಲ್ಲಿ ಅದೇ ಫ್ಯಾನು ಅಷ್ಟು ಕೆಲಸ ಮಾಡುವುದಿಲ್ಲ. ತೊಟ್ಟಿ 30 ಡಿಗ್ರಿ ದಾಟುವ ಮನೆಯಾದರೆ ಚಿಲ್ಲರ್ ಇಲ್ಲದೆ ನಡೆಯದು.

ತಪ್ಪು ಕಲ್ಪನೆ: ನುಣುಪಾದ ಮರಳು ಎಲ್ಲಿಯದಾದರೂ ನಡೆಯುತ್ತದೆ.

ವಾಸ್ತವ: ಕೆಜಿಎಫ್‌ನಲ್ಲಿ ನುಣುಪಾದ ಮರಳೆಂದರೆ ಕಣ್ಣಿಗೆ ಬೀಳುವುದು ಸೈನೈಡ್ ದಿಬ್ಬಗಳೇ. ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ, ಕೋಟಿಗಟ್ಟಲೆ ಟನ್ ತೂಗುವ ಗಸಿ ಅದು. ಬಂಡೆಯೊಳಗಿನ ಲೋಹಗಳೂ ಅದರಲ್ಲಿವೆ. ಸಿನಿಮಾದವರಿಗೆ ಚೆಂದದ ಹಿನ್ನೆಲೆ. ಯಾವ ತೊಟ್ಟಿಗೂ, ಸಿಹಿನೀರಿನದ್ದಕ್ಕೂ, ಒಂದು ಹಿಡಿಯೂ ಬೇಡ. ಬೇಕಿರುವುದು ತೊಳೆದ ಅರಗೊನೈಟ್ ಮರಳು. ಟ್ರಾಕಿಫಿಲಿಯಾದಂಥವನ್ನು ಆ ಮರಳಿನ ಮೇಲೇ ಕೂರಿಸಬೇಕು. ಕಲ್ಲಿನ ಮೇಲೆ ಸಿಕ್ಕಿಸಿದರೆ, ರಾತ್ರಿ ಕುಗ್ಗಿ ಹಗಲು ಉಬ್ಬುವ ಅದರ ಮಾಂಸ ಮೊನಚಿಗೆ ತಾಗಿ ಹರಿಯುತ್ತದೆ.

ತಪ್ಪು ಕಲ್ಪನೆ: ಬೆಳಕು ಹೆಚ್ಚಾದಷ್ಟೂ ಬಣ್ಣ ಹೆಚ್ಚು, ಬೆಳಕಿದ್ದರೆ ಊಟ ಬೇಡ.

ವಾಸ್ತವ: ಅಂಗಡಿಗೆ ಬರುವ ಮಾಂಸಲ ಮಿದುಳು ಹವಳಗಳಲ್ಲಿ ಹೆಚ್ಚಿನವು ಮಂದ ಬೆಳಕಿನವು. ಅವನ್ನು ತೊಟ್ಟಿಯ ತಳದಲ್ಲಿ, ಹಿತವಾದ ಹರಿವಿನಲ್ಲಿ ಇಟ್ಟು, ಬೆಳಕನ್ನು ವಾರಗಟ್ಟಲೆ ನಿಧಾನವಾಗಿ ಏರಿಸಬೇಕು. ಪಾಚಿ ದುಡಿದು ಹಾಕಿದರೂ ಮಾಂಸಾಹಾರ ಬೇಕು. ದೀಪ ಆರಿಸಿದ ಸ್ವಲ್ಪ ಹೊತ್ತಿಗೆ ಎಳೆಗಳು ಹೊರಬರುತ್ತವೆ. ಆಗ ಮೈಸಿಸ್ ಸಿಗಡಿಯ ಚೂರುಗಳನ್ನು ವಾರಕ್ಕೆ ಒಂದೆರಡು ಸಲ ಮೆಲ್ಲಗೆ ಬಾಯಿಯ ಬಳಿ ಬಿಡಿ. ದೊಡ್ಡ ತುಂಡು ಕೊಟ್ಟರೆ ಅರಗಿಸಲಾರದೆ ಉಗುಳುತ್ತದೆ, ನೀರು ಕೆಡುತ್ತದೆ. ಕೆಲವು ಜಾತಿಗಳು ಇದೇ ರಾತ್ರಿಯಲ್ಲಿ ಉದ್ದನೆಯ ಎಳೆ ಚಾಚಿ ನೆರೆಯ ಹವಳವನ್ನು ಸುಡುತ್ತವೆ. ನಡುವೆ ಕನಿಷ್ಠ ಒಂದು ಗೇಣು ಜಾಗವಿರಲಿ.

ತಪ್ಪು ಕಲ್ಪನೆ: ಕರೆಂಟ್ ಹೋದರೆ ಮೊದಲು ಲೈಟಿಗೆ ಇನ್ವರ್ಟರ್ ಕೊಡಬೇಕು.

ವಾಸ್ತವ: 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಊರು ಕೆಜಿಎಫ್, ಹಾಗೆಂದು ಇವತ್ತು ಕರೆಂಟ್ ಹೋಗುವುದಿಲ್ಲ ಎಂದೇನಿಲ್ಲ. ಬೆಳಕಿಲ್ಲದೆ ಹವಳ ಒಂದೆರಡು ದಿನ ತಡೆಯುತ್ತದೆ. ನೀರು ನಿಂತರೆ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ಮೊದಲು ಮೀನು ಏದುಸಿರು ಬಿಡುತ್ತದೆ. ಇನ್ವರ್ಟರಿನ ತಂತಿ ಪಂಪಿಗೆ ಹೋಗಲಿ. ಬ್ಯಾಟರಿಯ ಏರ್‌ಪಂಪ್ ಒಂದಿದ್ದರೂ ಆದೀತು.

ತಪ್ಪು ಕಲ್ಪನೆ: ಬಿಳಿಯಾಯಿತು ಎಂದರೆ ಸತ್ತಿತು.

ವಾಸ್ತವ: ಹತ್ತಿರದಿಂದ ನೋಡಿ. ಬಿಸಿಗೋ ಅತಿ ಬೆಳಕಿಗೋ ಒಳಗಿನ ಪಾಚಿಯನ್ನು ಕಳೆದುಕೊಂಡ ಹವಳದ ಮಾಂಸ ಗಾಜಿನಂತೆ ಪಾರದರ್ಶಕವಾಗಿ, ಅಡಿಯ ಅಸ್ಥಿ ಬೆಳ್ಳಗೆ ಕಾಣುತ್ತದೆ. ಅದು ಹಸಿದ ಹವಳ, ಸತ್ತದ್ದಲ್ಲ. ಬೆಳಕು ತಗ್ಗಿಸಿ, ಉಷ್ಣತೆ ಸರಿಪಡಿಸಿ, ಸಣ್ಣ ತುತ್ತುಗಳಲ್ಲಿ ತಿನ್ನಿಸುತ್ತಾ ಬಂದರೆ ತಿಂಗಳುಗಳಲ್ಲಿ ಬಣ್ಣ ಮರಳಬಹುದು. ಮಾಂಸ ಕಿತ್ತುಹೋಗಿ ಅಸ್ಥಿಯ ಅಂಚುಗಳು ಬರಿದಾಗಿ ಚೂಪಾಗಿ ಕಾಣುತ್ತಿದ್ದರೆ ಮಾತ್ರ ಆ ಭಾಗ ಹೋದಂತೆ. ಆಗಲೂ ಉಳಿದ ಭಾಗದಲ್ಲಿ ಒಂದು ಬಾಯಿ ಜೀವಂತವಾಗಿದ್ದರೆ ಎತ್ತಿ ಎಸೆಯಬೇಡಿ. ಮೊದಲು ಆಲ್ಕಲಿನಿಟಿ ಅಳೆಯಿರಿ.